ಕ್ರೋನೋ ಟ್ರಿಗರ್ ಆಟವನ್ನು ಫೋನಿನಲ್ಲಿ ಆಡುವುದು ಸರಿಯೇ? ದಾವಣಗೆರೆ–ಚಿತ್ರದುರ್ಗದ ಆಟಗಾರರ ಚರ್ಚೆ

ಮಂಡಿಪೇಟೆ:
ಎಲ್ಲರಿಗೂ ನಮಸ್ಕಾರ. ನನ್ನ ಮನೆ ದಾವಣಗೆರೆಯಲ್ಲಿ, ಕೆಲಸ ಚಿತ್ರದುರ್ಗದಲ್ಲಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸುಮಾರು 60 ಕಿಲೋಮೀಟರ್ ಬಸ್ ಪ್ರಯಾಣವಿರುತ್ತದೆ. ಈ ಹೊತ್ತನ್ನು ರೀಲ್ಸ್ ನೋಡುತ್ತ ಕಳೆದು ಬೇಸತ್ತಿದ್ದೇನೆ. ಹಳೆಯ ಜಪಾನೀ ರೋಲ್-ಪ್ಲೇಯಿಂಗ್ (ಪಾತ್ರವೊಂದಾಗಿ ಕಥೆಯೊಳಗೆ ಸಾಗುವ) ಆಟಗಳಲ್ಲಿ ಮೊದಲು ಆಡಬೇಕಾದದ್ದು ಕ್ರೋನೋ ಟ್ರಿಗರ್ ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ, ಆದರೆ ಅದು 1995ರಲ್ಲಿ ಟಿವಿಗೆ ಜೋಡಿಸುವ ಸೂಪರ್ ಫ್ಯಾಮಿಕಾಮ್ ಎಂಬ ಕನ್ಸೋಲ್ ಯಂತ್ರಕ್ಕಾಗಿ, ಕೈಯಲ್ಲಿ ಹಿಡಿಯುವ ಗುಂಡಿಗಳ ಕಂಟ್ರೋಲರ್ ಇದೆಯೆಂದು ಭಾವಿಸಿ ಮಾಡಿದ ಆಟ. ಅಂತಹುದನ್ನು ಗುಂಡಿಗಳೇ ಇಲ್ಲದ ಗಾಜಿನ ಮೇಲೆ, ಅಲುಗಾಡುವ ಬಸ್ಸಿನಲ್ಲಿ ಆಡಿದರೆ ಅದರ ಸೊಗಸು ಉಳಿಯುತ್ತದೆಯೇ ಎಂಬುದು ನನ್ನ ಪ್ರಶ್ನೆ. ಈ ಬಗೆಯ ಆಟಗಳನ್ನು ನಾನು ಹಿಂದೆ ಆಡಿಲ್ಲ. ದಯವಿಟ್ಟು ಕಥೆಯ ಗುಟ್ಟುಗಳನ್ನು ಬಿಟ್ಟುಕೊಡದೆ ಉತ್ತರಿಸಿ.

ಏಳುಸುತ್ತು:
ಧಾರಾಳವಾಗಿ ಆಡಬಹುದು. ಕನ್ಸೋಲ್ ಕಾಲದ ಆಟಗಳಲ್ಲಿ ಫೋನಿಗೆ ಬಂದ ಮೇಲೂ ಹೆಚ್ಚು ಕೆಡದೆ ಉಳಿದದ್ದು ಈ ಪ್ರಕಾರವೇ. ಓಡುವ, ಹಾರುವ, ಗುಂಡು ಹಾರಿಸುವ ಆಟಗಳಲ್ಲಿ ಬೆರಳು ತಡವಾದರೆ ಪ್ರಾಣ ಹೋಗುತ್ತದೆ. ಇಲ್ಲಿ ಹೆಚ್ಚಿನ ಕೆಲಸವೆಲ್ಲ ಪಟ್ಟಿಯಿಂದ ಒಂದು ಆಜ್ಞೆಯನ್ನು ಆರಿಸುವುದು. ಹಾಗೆ ಆರಿಸುವುದಕ್ಕೆ ಗುಂಡಿಗಿಂತ ಬೆರಳೇ ಚುರುಕು ಎಂದರೂ ತಪ್ಪಾಗದು.

ಕ್ರೋನೋ ಟ್ರಿಗರ್‌ನಲ್ಲಿ ಇನ್ನೊಂದು ಅನುಕೂಲವಿದೆ. ಆ ಕಾಲದ ಬಹುತೇಕ ಇಂತಹ ಆಟಗಳಲ್ಲಿ ನಡೆಯುತ್ತಿರುವಾಗ ಎಲ್ಲಿಂದಲೋ ಶತ್ರುಗಳು ಬಂದು ತೆರೆ ಬದಲಾಗಿ ಯುದ್ಧ ಶುರುವಾಗುತ್ತಿತ್ತು. ಇದರಲ್ಲಿ ಶತ್ರುಗಳು ಹೆಚ್ಚಿನ ಕಡೆ ಕಣ್ಣಿಗೆ ಕಾಣುವಂತೆಯೇ ಓಡಾಡಿಕೊಂಡಿರುತ್ತಾರೆ, ಯುದ್ಧವೂ ನಿಂತ ಜಾಗದಲ್ಲೇ ನಡೆಯುತ್ತದೆ, ಪ್ರಪಂಚದ ನಕ್ಷೆಯ ಮೇಲೆ ನಡೆಯುವಾಗ ಯಾರೂ ಅಡ್ಡ ಬರುವುದಿಲ್ಲ. ಮುಂದಿನ ನಿಲ್ದಾಣ ಹತ್ತಿರ ಬಂದಾಗ ಇನ್ನೊಂದು ಯುದ್ಧಕ್ಕೆ ಕೈ ಹಾಕಬೇಕೋ ಬೇಡವೋ ಎಂಬುದನ್ನು ಬಹುಮಟ್ಟಿಗೆ ನೀವೇ ನಿರ್ಧರಿಸಬಹುದು. ಫೋನಿನ ಆವೃತ್ತಿಯಲ್ಲಿ ಆಟ ತಾನಾಗಿಯೇ ಸೇವ್ ಆಗುವ ವ್ಯವಸ್ಥೆಯೂ ಇರುವುದರಿಂದ, ಕರೆ ಬಂದರೂ ಬಸ್ ಇಳಿಯಬೇಕಾದರೂ ಮೂಲ ಆಟದಲ್ಲಿದ್ದಂತೆ ಸೇವ್ ಮಾಡುವ ಜಾಗ ಹುಡುಕಿಕೊಂಡು ಹೋಗುವ ಒದ್ದಾಟವಿಲ್ಲ.

ಯುದ್ಧದ ಬಗೆಯನ್ನೂ ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಹೊಸಬರು ಮೊದಲು ಎಡವುವುದು ಅಲ್ಲಿ. ಪ್ರತಿ ಪಾತ್ರಕ್ಕೂ ತೆರೆಯ ಮೇಲೆ ಮೆಲ್ಲಗೆ ತುಂಬುತ್ತ ಹೋಗುವ, ಗೆರೆಯಂಥ ಒಂದು ಸಮಯದ ಪಟ್ಟಿ ಇರುತ್ತದೆ. ಅದು ತುಂಬಿದಾಗ ಆ ಪಾತ್ರದ ಸರದಿ. ಇದು 1991ರ ಫೈನಲ್ ಫ್ಯಾಂಟಸಿ 4ರಲ್ಲಿ ಹಿರೋಯುಕಿ ಇತೋ ರೂಪಿಸಿದ ಪದ್ಧತಿಯ ಮುಂದುವರಿಕೆ. ಕ್ರೋನೋ ಟ್ರಿಗರ್ ಅದಕ್ಕೆ ಸೇರಿಸಿದ್ದು ಎರಡು ಸಂಗತಿ. ಒಂದು, ಶತ್ರುಗಳು ನಿಂತಲ್ಲಿ ನಿಲ್ಲದೆ ಅತ್ತಿತ್ತ ಸರಿಯುವುದರಿಂದ, ಸುತ್ತ ಬೀಸುವ ಕತ್ತಿಯ ಏಟಿಗೆ ಮೂವರು ಒಟ್ಟಿಗೆ ಸಿಗುವ ಗಳಿಗೆಗಾಗಿ ಕಾಯುವುದೇ ಒಂದು ಜಾಣ್ಮೆ. ಎರಡು, ಇಬ್ಬರ ಪಟ್ಟಿಯೂ ತುಂಬಿದ್ದರೆ ಅವರಿಬ್ಬರ ವಿದ್ಯೆಗಳು ಕೂಡಿ ಹೊಸದೊಂದು ವಿದ್ಯೆಯಾಗುತ್ತದೆ. ಕಥಾನಾಯಕ ಕ್ರೋನೋನ ಕತ್ತಿಗೆ ತಂಡದ ಲೂಕಾಳ ಬೆಂಕಿ ಸೇರುವುದು, ಲೂಕಾಳ ಬೆಂಕಿಯೂ ಮಾರ್ಲ್‌ಳ ಮಂಜುಗಡ್ಡೆಯೂ ಒಂದೇ ಏಟಿನಲ್ಲಿ ಬೀಳುವುದು, ಹೀಗೆ. ತಂಡದಲ್ಲಿ ಒಂದು ಹೊತ್ತಿಗೆ ಮೂವರು ಮಾತ್ರ. ಆ ಮೂವರು ಯಾರೆಂಬುದರ ಮೇಲೆ ಯುದ್ಧದ ಸ್ವರೂಪವೇ ಬದಲಾಗುತ್ತದೆ. ಬಲವಿರುವವರನ್ನು ಒಟ್ಟುಗೂಡಿಸಿದರೆ ಸಾಲದು, ಹೊಂದಾಣಿಕೆಯುಳ್ಳವರನ್ನು ಒಟ್ಟುಗೂಡಿಸಬೇಕು.

ಫೋನ್ ಬಿಸಿಯಾಗುವ ಚಿಂತೆಯೂ ಬೇಡ. ಮೂಲ ಆಟದ ಕಾರ್ಟ್ರಿಡ್ಜ್ ಒಟ್ಟು 4 ಎಂಬಿ. ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ದೊಡ್ಡದಿರಬಹುದು. ಈಗಿನ ಆವೃತ್ತಿಯ ಗಾತ್ರ ಅದರ ಎಷ್ಟೋ ಪಟ್ಟು ಇದ್ದರೂ ಫೋನಿಗೆ ಅದು ಹೊರೆಯಲ್ಲ. ಏಪ್ರಿಲ್ ತಿಂಗಳ ನಮ್ಮೂರಿನ ಬಿಸಿಲಿಗೆ ತೆರೆಯ ಬೆಳಕನ್ನು ಪೂರ್ತಿ ಏರಿಸಿದಾಗ ಬ್ಯಾಟರಿ ಇಳಿಯುತ್ತದೆಯೇ ಹೊರತು ಆಟದಿಂದಲ್ಲ.

ಕುಂದವಾಡ ದಂಡೆ:
ಮೇಲಿನವರು ಹೇಳಿದ್ದೆಲ್ಲ ತಾಂತ್ರಿಕವಾಗಿ ಸರಿ, ಆದರೂ ನನ್ನ ಸಲಹೆ ಬೇರೆ. ಈ ಆಟವನ್ನು ಬಸ್ಸಿನಲ್ಲಿ ಮೊದಲ ಬಾರಿ ಆಡಬೇಡಿ. ಎರಡನೆಯ ಬಾರಿ ಬೇಕಾದರೆ ಆಡಿ.

ಫೋನಿನ ತೊಂದರೆ ಇರುವುದು ಗಾಜಿನಲ್ಲಿ ಅಲ್ಲ, ನಮ್ಮ ಗಮನದಲ್ಲಿ. ಫೋನನ್ನು ಕೈಗೆತ್ತಿಕೊಂಡ ಕೂಡಲೇ ಹತ್ತು ನಿಮಿಷದಲ್ಲಿ ಏನಾದರೂ ಮುಗಿಯಬೇಕೆಂಬ ಆತುರ ಮನಸ್ಸಿನೊಳಗೆ ಹೊಕ್ಕುಬಿಡುತ್ತದೆ. ಕ್ರೋನೋ ಟ್ರಿಗರ್ ಆರಂಭವಾಗುವುದು ಒಂದು ಜಾತ್ರೆಯಲ್ಲಿ: ರಾಜ್ಯಕ್ಕೆ ಸಾವಿರ ವರ್ಷ ತುಂಬಿದ ಸಂಭ್ರಮ, ಗಂಟೆ, ಅಂಗಡಿ, ಓಟದ ಪಂದ್ಯ, ಎದುರಿಗೆ ಬಂದು ಡಿಕ್ಕಿಯಾಗುವ ಹುಡುಗಿ. ಆತುರದಲ್ಲಿರುವವನು ಅಲ್ಲಿ ಸಿಕ್ಕಿದ್ದನ್ನೆಲ್ಲ ಒತ್ತಿ, ಮಾತುಗಳನ್ನು ಓದದೆ ಮುಂದಕ್ಕೆ ಓಡುತ್ತಾನೆ. ಕೆಲವು ಗಂಟೆಗಳ ಆಟದ ನಂತರ ಒಂದು ನ್ಯಾಯಾಲಯದ ದೃಶ್ಯ ಬರುತ್ತದೆ, ಅಲ್ಲಿ ನೀವು ಜಾತ್ರೆಯಲ್ಲಿ ಹೇಗೆ ನಡೆದುಕೊಂಡಿರಿ ಎಂಬುದನ್ನೆಲ್ಲ ಕೆದಕಿ ಕೇಳುತ್ತಾರೆ. ಯಾರದೋ ಬುತ್ತಿಯನ್ನು ತಿಂದಿರಾ, ಬಿದ್ದ ಹುಡುಗಿಯನ್ನು ವಿಚಾರಿಸುವ ಮೊದಲು ಅವಳ ಪದಕದ ಕಡೆ ಓಡಿದಿರಾ ಎಂದು. ಇದು ಗುಟ್ಟನ್ನು ಬಿಟ್ಟುಕೊಟ್ಟಂತಾಯಿತು ಎಂದು ಮಂಡಿಪೇಟೆಯವರು ಬೇಸರಿಸಬಾರದು, ಏಕೆಂದರೆ ಇದಿಷ್ಟನ್ನು ತಿಳಿದಿದ್ದರೆ ಅವರು ಜಾತ್ರೆಯಲ್ಲಿ ನಿಧಾನವಾಗಿ ಸುತ್ತಾಡುತ್ತಾರೆ. ಆಟಗಾರ ಲೆಕ್ಕಕ್ಕೆ ಇಡದ ಸಣ್ಣ ಕೆಲಸಗಳನ್ನು ಆಟವೇ ಲೆಕ್ಕ ಇಟ್ಟುಕೊಂಡಿತ್ತು ಎಂಬ ಬೆರಗು 1995ರಲ್ಲಿ ಹೊಸದಾಗಿತ್ತು, ಈಗಲೂ ಅಪರೂಪ.

ಸಂಗೀತದ ಮಾತು ಇನ್ನೂ ಮುಖ್ಯ. ಯಾಸುನೋರಿ ಮಿತ್ಸುದಾ ಆಗ ಈ ಆಟವನ್ನು ಮಾಡಿದ ಸ್ಕ್ವೇರ್ ಕಂಪನಿಯಲ್ಲಿ ಸದ್ದುಗಳನ್ನು ಮಾಡುವ ಕೆಲಸದಲ್ಲಿದ್ದ ತರುಣ. ಸಂಗೀತ ರಚನೆಗೆ ಅವಕಾಶ ಕೊಡದಿದ್ದರೆ ಕೆಲಸ ಬಿಡುತ್ತೇನೆ ಎಂದು ಅಲ್ಲಿನ ಹಿರಿಯ ಹಿರೋನೋಬು ಸಕಾಗುಚಿ ಅವರಿಗೆ ಹೇಳಿ ಈ ಆಟವನ್ನು ಪಡೆದುಕೊಂಡ. ದುಡಿದು ದುಡಿದು ಹೊಟ್ಟೆಹುಣ್ಣಿನಿಂದ ಹಾಸಿಗೆ ಹಿಡಿದಾಗ ಉಳಿದ ರಚನೆಗಳನ್ನು ಹಿರಿಯ ಸಂಗೀತಗಾರ ನೋಬುವೊ ಉವೆಮಾತ್ಸು ಮುಗಿಸಿಕೊಟ್ಟರು. ಆ ಯಂತ್ರದ ಧ್ವನಿ ಚಿಪ್ಪಿಗೆ ಇದ್ದದ್ದು ಎಂಟೇ ವಾಹಿನಿ, 64 ಕೆಬಿ ಸ್ಮರಣೆ. ಅಷ್ಟರೊಳಗೆ ಹಿಡಿಸಿದ ಸಂಗೀತವನ್ನು ಬಸ್ಸಿನ ಎಂಜಿನ್ ಸದ್ದಿನ ನಡುವೆ, ಅಥವಾ ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದು ಸದ್ದನ್ನೇ ಅಡಗಿಸಿ ಆಡುವುದಾದರೆ ಅರ್ಧ ಆಟವನ್ನು ಮನೆಯಲ್ಲೇ ಬಿಟ್ಟು ಬಂದಂತೆ.

ಮಂಡಿಪೇಟೆ:
ಇಬ್ಬರಿಗೂ ಧನ್ಯವಾದ. ಇಯರ್‌ಫೋನ್ ಹಾಕಿಕೊಂಡೇ ಆಡುವೆ. ಬ್ಲೂಟೂತ್ ಇಯರ್‌ಫೋನಿನಲ್ಲಿ ಸದ್ದು ತುಸು ತಡವಾಗಿ ಬರುತ್ತದೆಂದು ಕೇಳಿದ್ದೇನೆ, ಅದರಿಂದ ಅಡ್ಡಿಯಿದೆಯೇ? ಜೊತೆಗೆ, ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವ್ ಮತ್ತು ವೇಟ್ ಎಂಬ ಎರಡು ಬಗೆ ಕಾಣುತ್ತದೆ. ಬಸ್ಸಿನಲ್ಲಿ ಆಡುವವನು ಯಾವುದನ್ನು ಇಟ್ಟುಕೊಳ್ಳಬೇಕು?

ಏಳುಸುತ್ತು:
ವೇಟ್ ಇಟ್ಟುಕೊಳ್ಳಿ, ಅನುಮಾನವೇ ಬೇಡ. ಆಕ್ಟಿವ್‌ನಲ್ಲಿ ನೀವು ಪಟ್ಟಿಯಲ್ಲಿ ಹುಡುಕುತ್ತಿರುವಾಗಲೂ ಶತ್ರುವಿನ ಸಮಯ ಓಡುತ್ತಿರುತ್ತದೆ. ವೇಟ್‌ನಲ್ಲಿ ವಿದ್ಯೆಗಳ ಪಟ್ಟಿಯನ್ನೋ ವಸ್ತುಗಳ ಪಟ್ಟಿಯನ್ನೋ ತೆರೆದಾಗ ಕಾಲ ನಿಲ್ಲುತ್ತದೆ. ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಬರಿಯ ಮೊದಲ ಹಂತದ ಆಜ್ಞೆಗಳು ತೆರೆಯ ಮೇಲಿದ್ದರೆ ಕಾಲ ನಿಂತಿರುವುದಿಲ್ಲ, ಒಳಗಿನ ಪಟ್ಟಿಗೆ ಹೋದರೆ ಮಾತ್ರ ನಿಲ್ಲುತ್ತದೆ. ಕಂಡಕ್ಟರ್ ಟಿಕೆಟ್ ಕೇಳಲು ಬಂದಾಗ ಒಳಪಟ್ಟಿಯನ್ನು ತೆರೆದಿಟ್ಟು ಚಿಲ್ಲರೆ ಕೊಡುವುದು ನನ್ನ ಅಭ್ಯಾಸ. ಯುದ್ಧದ ವೇಗವನ್ನೂ ಸೆಟ್ಟಿಂಗ್ಸ್‌ನಲ್ಲಿ ಇಳಿಸಿಕೊಳ್ಳಬಹುದು.

ಬ್ಲೂಟೂತ್ ವಿಳಂಬ ತಾಳಕ್ಕೆ ತಕ್ಕಂತೆ ಒತ್ತಬೇಕಾದ ಆಟಗಳಲ್ಲಿ ತೊಂದರೆ ಕೊಡುತ್ತದೆ, ಇಲ್ಲಿ ಇಲ್ಲ.

ಬೆರಳಿಗೆ ನಿಜವಾಗಿಯೂ ಕಷ್ಟವಾಗುವುದು ಯುದ್ಧವಲ್ಲ, ನಡಿಗೆ. ಭವಿಷ್ಯದ ಪಾಳುಬಿದ್ದ ಗುಮ್ಮಟವೊಂದರಲ್ಲಿ ಇಕ್ಕಟ್ಟಾದ ದಾರಿಯಲ್ಲಿ ಓಡುವ ಇಲಿಯನ್ನು ಹಿಡಿಯಬೇಕು. ಕಾಲದ ಅಂಚಿನಲ್ಲಿ ಸ್ಪೆಕಿಯೊ ಎಂಬುವನ ಕೋಣೆಯಲ್ಲಿ ಬಾಗಿಲಿನಿಂದ ಹೊರಟು ಗೋಡೆಯನ್ನು ಬಿಡದೆ ಬಲಸುತ್ತಾಗಿ ಮೂರು ಪ್ರದಕ್ಷಿಣೆ ಹಾಕಿದರೆ ಮಾತ್ರ ಮಂತ್ರವಿದ್ಯೆ ಸಿಗುತ್ತದೆ. ಈ ಎರಡನ್ನೂ ಬಸ್ ನಿಂತಿರುವಾಗ ಮಾಡಿ ಎಂದಷ್ಟೇ ಹೇಳಬಲ್ಲೆ. ಉಳಿದಂತೆ ಹೆಚ್ಚುವರಿ ಕಂಟ್ರೋಲರ್‌ಗೆ ಹಣ ಹಾಕುವ ಅಗತ್ಯ ಈ ಆಟಕ್ಕಂತೂ ಇಲ್ಲ.

ಗಾಜಿನಮನೆ:
ಎಮ್ಯುಲೇಟರ್ (ಹಳೆಯ ಯಂತ್ರವನ್ನು ಫೋನಿನಲ್ಲಿ ಅನುಕರಿಸುವ ತಂತ್ರಾಂಶ) ಹಾಕಿಕೊಂಡರೆ ಪುಕ್ಕಟೆ ಆಗುವ ಆಟಕ್ಕೆ ದುಡ್ಡು ಕೊಡುವುದೇಕೆ? ಅದರಲ್ಲಿ ಮೂಲದ ಚಿತ್ರಗಳು ಮೂಲದಂತೆಯೇ ಕಾಣುತ್ತವೆ. ಫೋನಿನ ಆವೃತ್ತಿಯಲ್ಲಿ ಚಿತ್ರಗಳನ್ನು ನುಣುಪು ಮಾಡಲು ಹೋಗಿ ಕೆಡಿಸಿದ್ದಾರೆಂದು ಓದಿದ್ದೆ.

ನಿರ್ವಾಹಕರು:
ಎಮ್ಯುಲೇಟರ್ ತಂತ್ರಾಂಶದ ಬಗ್ಗೆ ಇಲ್ಲಿ ಮಾತನಾಡಬಹುದು. ಆಟದ ನಕಲಿ ಪ್ರತಿ ಎಲ್ಲಿ ಸಿಗುತ್ತದೆ ಎಂಬ ಕೊಂಡಿಗಳನ್ನು ಹಾಕಿದರೆ ತೆಗೆದುಹಾಕಲಾಗುವುದು.

ಕುಂದವಾಡ ದಂಡೆ:
ಗಾಜಿನಮನೆಯವರ ಮಾತಿನ ಎರಡನೆಯ ಭಾಗದಲ್ಲಿ ಹುರುಳಿದೆ. 2018ರ ಫೆಬ್ರವರಿಯಲ್ಲಿ ಕಂಪ್ಯೂಟರಿಗೆ ಬಂದ ಆವೃತ್ತಿ ಫೋನಿನ ಆವೃತ್ತಿಯನ್ನೇ ಆಧರಿಸಿತ್ತು, ಅದರ ನುಣುಪಾದ ಚಿತ್ರಗಳನ್ನೂ ದೊಡ್ಡ ದೊಡ್ಡ ಸ್ಪರ್ಶ ಗುಂಡಿಗಳನ್ನೂ ಕಂಡು ಆಟಗಾರರು ರೊಚ್ಚಿಗೆದ್ದರು. ಕಂಪನಿ ಅದೇ ವರ್ಷ ಒಂದಾದ ಮೇಲೊಂದು ತಿದ್ದುಪಡಿ ಹೊರತಂದು ಮೂಲದ ಚಿತ್ರಶೈಲಿಯನ್ನು ಆರಿಸಿಕೊಳ್ಳುವ ಅವಕಾಶ ಕೊಟ್ಟಿತು. ಹಳೆಯ ವಿಮರ್ಶೆಗಳನ್ನು ಓದಿ ಈಗಿನ ಆಟವನ್ನು ತೂಗುವುದು ಸರಿಯಲ್ಲ.

ಮೊದಲ ಭಾಗವನ್ನು ಒಪ್ಪಲಾರೆ. ಎಮ್ಯುಲೇಟರ್ ತನ್ನಷ್ಟಕ್ಕೆ ತಪ್ಪಲ್ಲ. 2024ರ ಏಪ್ರಿಲ್‌ನಲ್ಲಿ ಆಪಲ್ ಕೂಡ ತನ್ನ ಅಂಗಡಿಯಲ್ಲಿ ಹಳೆಯ ಯಂತ್ರಗಳ ಎಮ್ಯುಲೇಟರ್‌ಗಳಿಗೆ ಬಾಗಿಲು ತೆರೆಯಿತು, ಆಂಡ್ರಾಯ್ಡ್‌ನಲ್ಲಿ ಅವು ಮೊದಲಿನಿಂದಲೂ ಇವೆ. ಆದರೆ ಆಟದ ಹಕ್ಕು ಇಂದಿಗೂ ಒಬ್ಬರದ್ದು, ಅವರೇ ಅದನ್ನು ಮಾರುತ್ತಲೂ ಇದ್ದಾರೆ. ಒಮ್ಮೆ ಹಣ ಕೊಟ್ಟರೆ ಮುಗಿಯಿತು: ಜಾಹೀರಾತು ಇಲ್ಲ, ವಜ್ರ-ನಾಣ್ಯಗಳನ್ನು ಕೊಳ್ಳಿರೆಂಬ ಪೀಡನೆ ಇಲ್ಲ, ಇವತ್ತು ಆಡದಿದ್ದರೆ ಬಹುಮಾನ ತಪ್ಪಿತೆಂಬ ಬೆದರಿಕೆ ಇಲ್ಲ. ಪುಕ್ಕಟೆಯೆಂದು ಹೇಳಿಕೊಂಡು ಬರುವ ಈಗಿನ ಫೋನ್ ಆಟಗಳಲ್ಲಿ ನಮ್ಮ ಹುಡುಗರು ಸುರಿಯುವ ಹಣವನ್ನು ನೋಡಿದರೆ ಇದು ತೀರ ಅಗ್ಗ. ಎಮ್ಯುಲೇಟರಿನ ಇನ್ನೊಂದು ಆಮಿಷವೆಂದರೆ ಬೇಕೆಂದಲ್ಲಿ ಕಾಲವನ್ನು ಹಿಂದಕ್ಕೆ ತಿರುಗಿಸುವುದು, ಬೇಸರವಾದಲ್ಲಿ ವೇಗ ಹೆಚ್ಚಿಸುವುದು. ಕಾಲಪ್ರಯಾಣವನ್ನೇ ಕಥೆಯಾಗಿಸಿಕೊಂಡ ಆಟದಲ್ಲಿ ಆಟಗಾರನೂ ಹೊರಗಿನಿಂದ ಕಾಲವನ್ನು ತಿರುಚತೊಡಗಿದರೆ ಸೋಲಿಗೆ ಬೆಲೆಯೇ ಇರುವುದಿಲ್ಲ.

ಹೊಸದುರ್ಗ ರಸ್ತೆ:
ಚರ್ಚೆಯ ನಡುವೆ ಒಂದು ಪರ್ಯಾಯವನ್ನು ಸೂಚಿಸುತ್ತೇನೆ. ಬಸ್ಸಿನಲ್ಲಿ ಆಸನ ಸಿಗದೆ ನಿಂತೇ ಹೋಗಬೇಕಾದ ದಿನಗಳಲ್ಲಿ ಕ್ರೋನೋ ಟ್ರಿಗರ್ ಆಡಲಾಗುವುದಿಲ್ಲ, ಏಕೆಂದರೆ ಅದಕ್ಕೆ ಫೋನನ್ನು ಅಡ್ಡ ಹಿಡಿದು ಎರಡೂ ಕೈ ಕೊಡಬೇಕು. ಡ್ರಾಗನ್ ಕ್ವೆಸ್ಟ್ ಸರಣಿಯ ಹಳೆಯ ಆಟಗಳ ಫೋನ್ ಆವೃತ್ತಿಗಳು ಮಾತ್ರ ಫೋನನ್ನು ಉದ್ದಕ್ಕೆ ಹಿಡಿದು, ಒಂದೇ ಕೈಯ ಹೆಬ್ಬೆರಳಿನಿಂದ ಆಡುವಂತೆ ಮಾಡಲ್ಪಟ್ಟಿವೆ. ಇನ್ನೊಂದು ಕೈಯಲ್ಲಿ ಮೇಲಿನ ಕಂಬಿಯನ್ನು ಹಿಡಿದುಕೊಳ್ಳಬಹುದು. ಅವುಗಳಲ್ಲಿ ಐದನೆಯದು, 1992ರದ್ದು, ಕಥೆಯ ದೃಷ್ಟಿಯಿಂದ ನನಗೆ ಅಚ್ಚುಮೆಚ್ಚು: ತಂದೆಯ ಕೈ ಹಿಡಿದು ನಡೆಯುವ ಬಾಲಕನಾಗಿ ಆರಂಭಿಸಿ, ಮದುವೆಯಾಗಿ, ಮಕ್ಕಳನ್ನು ಪಡೆದು, ಮೂರು ತಲೆಮಾರುಗಳ ಬದುಕನ್ನು ನೋಡುತ್ತೀರಿ. ಆದರೆ ಅದರಲ್ಲಿ ಎದುರಾಗುವ ಯುದ್ಧಗಳು ಹೇಳದೆ ಕೇಳದೆ ಬರುತ್ತವೆ, ಅದಕ್ಕೆ ತಾಳ್ಮೆ ಬೇಕು.

ಇವೆರಡರ ನಡುವೆ ನಂಟೂ ಇದೆ. ಡ್ರಾಗನ್ ಕ್ವೆಸ್ಟ್‌ನ ಯೂಜಿ ಹೊರಿ, ಫೈನಲ್ ಫ್ಯಾಂಟಸಿಯ ಸಕಾಗುಚಿ, ಚಿತ್ರಕಾರ ಅಕಿರಾ ತೊರಿಯಾಮ ಈ ಮೂವರೂ ಸೇರಿ ರೂಪಿಸಿದ್ದೇ ಕ್ರೋನೋ ಟ್ರಿಗರ್. ಪ್ರತಿಸ್ಪರ್ಧಿ ಕಂಪನಿಗಳ ಆಟಗಳಿಗೆ ದುಡಿಯುತ್ತಿದ್ದವರು ಹಾಗೆ ಒಂದೇ ಆಟಕ್ಕಾಗಿ ಕೂಡಿದ್ದು ಆಗ ದೊಡ್ಡ ಸುದ್ದಿಯಾಗಿತ್ತು. 2024ರ ಮಾರ್ಚ್ 1ರಂದು ತೊರಿಯಾಮ ತೀರಿಕೊಂಡರು.

ಮಂಡಿಪೇಟೆ:
ಆಟ ಕೊಂಡೆ. ಜಾತ್ರೆಯಲ್ಲಿ ಯಾರ ಬುತ್ತಿಗೂ ಕೈ ಹಾಕದೆ, ಕಳೆದುಹೋದ ಬೆಕ್ಕನ್ನೂ ಹುಡುಕಿಕೊಟ್ಟು, ನ್ಯಾಯಾಲಯದಲ್ಲಿ ನಿರಪರಾಧಿಯೆಂದು ತೀರ್ಪು ಪಡೆದೆ. ಆದರೂ ಸೆರೆಮನೆಗೆ ತಳ್ಳಿದರಲ್ಲ!

ಜೋಗಿಮಟ್ಟಿ:
ಅದು ಹಾಗೆಯೇ. ತೀರ್ಪು ಏನೇ ಬಂದರೂ ಸೆರೆಮನೆ ತಪ್ಪದು. ಒಳ್ಳೆಯ ನಡತೆಗೆ ಒಂದಿಷ್ಟು ಔಷಧಿ ಸಿಗುತ್ತದೆ ಅಷ್ಟೆ. ಕಥೆಯ ದಾರಿ ಒಂದೇ ಆಗಿದ್ದರೂ ಅದರಲ್ಲಿ ನಡೆದವನ ಗುಣ ಬೇರೆ ಬೇರೆಯಾಗಿ ಕಾಣಿಸುವುದು ಈ ಆಟದ ಜಾಣತನ.

ಬಸ್ಸೋ ಮನೆಯೋ ಎಂಬ ವಾದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ಇಡೀ ಆಟ ಒಂದೇ ಗತಿಯದಲ್ಲ. ಸುಮಾರು 20ರಿಂದ 25 ಗಂಟೆಗಳ ಕಥೆಯಲ್ಲಿ ಊರೂರು ಅಲೆಯುವ, ಆಯುಧ ಕೊಳ್ಳುವ, ಹಳೆಯ ಜಾಗಗಳಿಗೆ ಮರಳಿ ಹುಡುಕಾಡುವ ಭಾಗಗಳು ಪ್ರಯಾಣಕ್ಕೆ ಹೇಳಿ ಮಾಡಿಸಿದಂತಿವೆ. ಆದರೆ ಕ್ರಿಸ್ತಪೂರ್ವ 12,000ದ ಹಿಮಯುಗಕ್ಕೆ ಕಾಲಿಟ್ಟು, ಮೋಡಗಳ ಮೇಲಿನ ಝೀಲ್ ಎಂಬ ರಾಜ್ಯವನ್ನು ಕಂಡ ಮೇಲೆ ಕುಂದವಾಡ ದಂಡೆಯವರ ಮಾತನ್ನು ಕೇಳಿ: ಅಲ್ಲಿಂದ ಸಾಗರದಡಿಯ ಅರಮನೆಯ ಪ್ರಸಂಗ ಮುಗಿಯುವವರೆಗೆ ರಾತ್ರಿ ಮನೆಯಲ್ಲಿ, ಇಯರ್‌ಫೋನ್ ಹಾಕಿಕೊಂಡು, ಫೋನಿನ ಸಂದೇಶಗಳನ್ನೆಲ್ಲ ಮೌನವಾಗಿಸಿ ಆಡಿ. ಏಕೆಂಬುದನ್ನು ಹೇಳುವುದಿಲ್ಲ.

ಕೊನೆಯ ಯುದ್ಧಕ್ಕೆ ಮೊದಲು ತೆರೆದುಕೊಳ್ಳುವ ಉಪಕಥೆಗಳಲ್ಲಿ ಒಂದನ್ನು ಮಾತ್ರ ಬಿಡಲೇಬೇಡಿ. ಕ್ರಿಸ್ತಶಕ 600ರಲ್ಲಿ ಫಿಯೋನಾ ಎಂಬ ಹೆಂಗಸು ಮರಳುಗಾಡಾದ ನೆಲದಲ್ಲಿ ಕಾಡು ಬೆಳೆಸಲು ಹೆಣಗುತ್ತಿರುತ್ತಾಳೆ. ಅದು ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಆಗುವ ಕೆಲಸವಲ್ಲ. ನಿಮ್ಮ ತಂಡದ ಯಂತ್ರಮಾನವ ರೋಬೊ, ನಾನು ಇಲ್ಲೇ ಉಳಿದು ನೆಲ ಹದಮಾಡುತ್ತೇನೆ ಎನ್ನುತ್ತಾನೆ. ನೀವು ಕಾಲಯಂತ್ರವೇರಿ ಕ್ರಿಸ್ತಶಕ 1000ಕ್ಕೆ ಹೋಗುತ್ತೀರಿ. ನಿಮಗೆ ಅದು ಕ್ಷಣಗಳ ದಾರಿ, ಅವನಿಗೆ ನಾನೂರು ವರ್ಷ. ಮರಳಿದ್ದ ಕಡೆ ಕಾಡಿದೆ, ರೋಬೊ ಅಲ್ಲಿನ ಗುಡಿಯಲ್ಲಿ ತುಕ್ಕು ಹಿಡಿದು ನಿಂತಿದ್ದಾನೆ. ಮಳೆಗಾಗಿ ಮುಗಿಲು ನೋಡುತ್ತ, ಬೋರ್‌ವೆಲ್ ಆಳವನ್ನು ಅಡಿಗಳಲ್ಲಿ ಲೆಕ್ಕ ಹಾಕುತ್ತ ಬೆಳೆದ ನಮ್ಮ ಜಿಲ್ಲೆಯವರಿಗೆ ಈ ಪ್ರಸಂಗ ತಟ್ಟುವಷ್ಟು ಬೇರೆಯವರಿಗೆ ತಟ್ಟಲಿಕ್ಕಿಲ್ಲ ಎಂಬುದು ನನ್ನ ಗುಮಾನಿ. ಕಾಲಪ್ರಯಾಣದ ಕಥೆಗಳು ಸಾಮಾನ್ಯವಾಗಿ ಒಂದು ಗಳಿಗೆಯನ್ನು ಬದಲಿಸಿ ಎಲ್ಲವನ್ನೂ ಬದಲಿಸುತ್ತವೆ. ಇಲ್ಲಿ ಮಾತ್ರ ಬದಲಾವಣೆಗೆ ಬೇಕಾದ ದುಡಿಮೆಯನ್ನು ಒಬ್ಬನು ದಿನದಿನವೂ ಮಾಡಬೇಕಾಯಿತು. ಅಷ್ಟು ದೊಡ್ಡ ಸಂಗತಿಯನ್ನು ಆಟ ಎಲ್ಲಿಯೂ ಭಾಷಣ ಮಾಡದೆ ಹೇಳಿಬಿಡುತ್ತದೆ.

ಏಳುಸುತ್ತು:
ಜೋಗಿಮಟ್ಟಿಯವರ ವಿಂಗಡಣೆಯನ್ನು ನಾನೂ ಒಪ್ಪುತ್ತೇನೆ. ಝೀಲ್ ಭಾಗವನ್ನು ಬಸ್ಸಿನಲ್ಲಿ ಆಡಬಾರದು.

ಮಂಡಿಪೇಟೆ:
ಹಾಗೆಯೇ ಮಾಡಿದೆ. ಸಾಗರದಡಿಯ ಅರಮನೆಯನ್ನು ಮನೆಯಲ್ಲೇ ಮುಗಿಸಿದೆ. ಅದರ ಬಗ್ಗೆ ಇಲ್ಲಿ ಬರೆದರೆ ಮುಂದೆ ಓದುವವರಿಗೆ ಅನ್ಯಾಯವಾದೀತು, ಆದ್ದರಿಂದ ಬರೆಯುವುದಿಲ್ಲ. ಬಸ್ಸಿನಲ್ಲಿ ಆಡಿರಲಿಲ್ಲವೆಂಬ ಸಮಾಧಾನವಿದೆ ಎಂದಷ್ಟೇ ಹೇಳುತ್ತೇನೆ. ಈಗ ಎರಡು ಪ್ರಶ್ನೆಗಳು ಉಳಿದಿವೆ. ಮುಚ್ಚಿದ ಕಪ್ಪು ಪೆಟ್ಟಿಗೆಗಳನ್ನು ಯಾವ ಕಾಲದಲ್ಲಿ ತೆರೆಯಬೇಕು? ಹಾಗೂ ಲಾಸ್ಟ್ ಸ್ಯಾಂಕ್ಟಮ್ ಎಂಬ ಹೆಚ್ಚುವರಿ ಜಾಗ ಮುಖ್ಯವೇ?

ಜೋಗಿಮಟ್ಟಿ:
ಪೆಟ್ಟಿಗೆಗಳ ವಿಷಯದಲ್ಲಿ ಆತುರಪಟ್ಟವರು ಕಳೆದುಕೊಳ್ಳುತ್ತಾರೆ. ಒಂದೇ ಪೆಟ್ಟಿಗೆ 600ರಲ್ಲೂ 1000ದಲ್ಲೂ ಇದ್ದರೆ, ಮೊದಲು 600ರಲ್ಲಿ ಅದನ್ನು ಮುಟ್ಟಿ ನೋಡಿ. ಪದಕದ ಶಕ್ತಿ ಅದರೊಳಗೆ ಇಳಿಯುತ್ತದೆ, ಒಳಗಿನದನ್ನು ತೆಗೆದುಕೊಳ್ಳುವಿರಾ ಎಂದು ಆಟ ಕೇಳುತ್ತದೆ, ಬೇಡವೆನ್ನಿ. ಅನಂತರ 1000ಕ್ಕೆ ಹೋಗಿ ತೆರೆದರೆ ನಾಲ್ಕು ಶತಮಾನ ಪಕ್ವವಾದ, ಮೊದಲಿಗಿಂತ ಬಲವಾದ ವಸ್ತು ಸಿಗುತ್ತದೆ. ಆಮೇಲೆ 600ಕ್ಕೆ ಮರಳಿ ಹಳೆಯದನ್ನೂ ತೆಗೆದುಕೊಳ್ಳಬಹುದು. ಮೊದಲೇ 600ರಲ್ಲಿ ಬಾಚಿಕೊಂಡರೆ 1000ದ ಪೆಟ್ಟಿಗೆ ಬರಿದು.

ಲಾಸ್ಟ್ ಸ್ಯಾಂಕ್ಟಮ್ 1995ರ ಆಟದಲ್ಲಿ ಇರಲಿಲ್ಲ, 2008ರ ನಿಂಟೆಂಡೊ ಡಿಎಸ್ ಆವೃತ್ತಿಯಲ್ಲಿ ಸೇರಿಸಿದ್ದು ಫೋನಿಗೂ ಬಂದಿದೆ. ಒಂದೇ ಬೆಟ್ಟವನ್ನು ಹತ್ತಿ ಇಳಿದು, ಹತ್ತಿ ಇಳಿದು, ಯಾರಿಗೋ ಏನನ್ನೋ ತಂದುಕೊಡುವ ಕೆಲಸವೇ ಅಲ್ಲಿ ಹೆಚ್ಚು. ಕಥೆಗೆ ಅದರಿಂದ ಏನೂ ಸೇರುವುದಿಲ್ಲ. ಒಳ್ಳೆಯ ಆಯುಧ-ಕವಚಗಳು ಸಿಗುತ್ತವೆ ನಿಜ, ಆದರೆ ಅವಿಲ್ಲದೆಯೂ ಕೊನೆಯ ಶತ್ರು ಲಾವೋಸ್‌ನನ್ನು ಸೋಲಿಸಬಹುದು. ಆ ಹೊತ್ತನ್ನು ನ್ಯೂ ಗೇಮ್ ಪ್ಲಸ್‌ಗೆ ಕೊಡಿ. ಗಳಿಸಿದ ಬಲವನ್ನೆಲ್ಲ ಉಳಿಸಿಕೊಂಡು ಆಟವನ್ನು ಮೊದಲಿನಿಂದ ಆಡುವ ಆ ಪದ್ಧತಿಗೆ ಹೆಸರು ಬಂದದ್ದೇ ಇಲ್ಲಿಂದ. ಯಾವ ಹಂತದಲ್ಲಿ ಲಾವೋಸ್‌ನನ್ನು ಎದುರಿಸುತ್ತೀರಿ ಎಂಬುದರ ಮೇಲೆ ಹತ್ತಕ್ಕೂ ಹೆಚ್ಚು ಬೇರೆ ಬೇರೆ ಮುಕ್ತಾಯಗಳಿವೆ. ಆ ಎರಡನೆಯ ಸುತ್ತು ಮಾತ್ರ ನಿಶ್ಚಿಂತೆಯಿಂದ ಬಸ್ಸಿನಲ್ಲಿ ಆಡುವಂಥದ್ದು.

ಕುಂದವಾಡ ದಂಡೆ:
ಅದನ್ನೇ ನಾನು ಮೊದಲ ದಿನ ಹೇಳಿದ್ದು. ಅದೂ ಮುಗಿದ ಮೇಲೆ ಫೈನಲ್ ಫ್ಯಾಂಟಸಿ 6ರ ಪಿಕ್ಸೆಲ್ ರಿಮಾಸ್ಟರ್ ತೆಗೆದುಕೊಳ್ಳಿ. 1994ರ ಆಟ, ಫೋನಿಗೆ 2022ರ ಫೆಬ್ರವರಿಯಲ್ಲಿ ಹೊಸದಾಗಿ ಬಂತು. ಅದರ ನಡುವೆ ಒಂದು ಸಂಗೀತ ನಾಟಕದ ರಂಗವಿದೆ, ಸಾಲುಗಳನ್ನು ನೆನಪಿಟ್ಟುಕೊಂಡು ನೀವೇ ಪಾತ್ರಧಾರಿಯಾಗಿ ಹಾಡಬೇಕು. ಹೊಸ ಆವೃತ್ತಿಯಲ್ಲಿ ಅದಕ್ಕೆ ನಿಜವಾದ ಗಾಯಕರ ದನಿ ಸೇರಿಸಿದ್ದಾರೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿಯ ನಾಟಕಗಳನ್ನು ನೋಡಿದ ಹಿರಿಯರು ದಾವಣಗೆರೆಯಲ್ಲಿ ನಿಮ್ಮ ಮನೆಯಲ್ಲಿದ್ದರೆ ಆ ದೃಶ್ಯವನ್ನು ಅವರ ಪಕ್ಕ ಕುಳಿತು ಆಡಿ. ಆಟಕ್ಕಾಗಿ ಬೇರೊಂದು ಚರ್ಚೆ ಆರಂಭಿಸಿದರೆ ಅಲ್ಲಿ ಬರೆಯುತ್ತೇನೆ.